ಶಿವಮೊಗ್ಗದಲ್ಲಿ ನಲ್ಲಿ ನೀರು ಕುಡೀಬಹುದಾ? ಆರ್‌ಓ ಫಿಲ್ಟರ್ ಹಾಕ್ಸೋದಾ ಬೇಡ್ವಾ?

ವಿನೋಬನಗರದ ಸೊಸೆ:

ಎಲ್ರಿಗೂ ನಮಸ್ಕಾರ. ಬೆಂಗಳೂರಿಂದ ಶಿವಮೊಗ್ಗಕ್ಕೆ ಬಂದು ಈಗಷ್ಟೇ ಸೆಟ್ಲ್ ಆಗ್ತಾ ಇದೀವಿ, ವಿನೋಬನಗರದಲ್ಲಿ ಬಾಡಿಗೆ ಮನೆ, ಕೆಳಗೆ ಓನರ್ರು ಮೇಲೆ ನಾವು. ಮನೇಲಿ ಅತ್ತೆ, ಮಾವ, ಎರಡು ವರ್ಷದ ಮಗಳು. ಬೆಂಗಳೂರಲ್ಲಿ ಇದ್ದಿದ್ದು ಬೋರ್ ನೀರು, ಆರ್‌ಓ ಇಲ್ದೆ ಬಾಯಿಗಿಡೋಕೆ ಆಗ್ತಿರ್ಲಿಲ್ಲ, ಇಲ್ಲಿ ತುಂಗೆ ನೀರು ಸಿಗುತ್ತಲ್ಲ ಅಂತ ಖುಷಿಯಾಗಿದ್ವಿ. ಬೇಸಿಗೇಲಿ ನೀರೂ ತಿಳಿಯಾಗಿತ್ತು, ರುಚೀನೂ ಚೆನ್ನಾಗಿತ್ತು, ಅತ್ತೆಯಂತೂ ಬೇಳೆ ಎಷ್ಟು ಬೇಗ ಬೇಯುತ್ತೆ ನೋಡು ಅಂತ ದಿನಾ ಹೇಳೋರು.

ಮಳೆ ಹಿಡ್ಕೊಂಡಿದ್ದೇ ತಡ ಕಥೆ ಬದಲಾಯ್ತು. ಬಿಂದಿಗೆ ತಳದಲ್ಲಿ ತೆಳ್ಳಗೆ ಮಣ್ಣು ಕೂರುತ್ತೆ, ನೀರಿಗೆ ಹಳದಿ ಬಣ್ಣ, ಒಂದೊಂದಿನ ಮಜ್ಜಿಗೆ ನೀರು ಥರ ಬೆಳ್ಳಗೆ ಬರುತ್ತೆ, ಒಂದೊಂದಿನ ನಲ್ಲಿ ತಿರುಗ್ಸಿದ್ರೆ ಬ್ಲೀಚಿಂಗ್ ಪೌಡರ್ ವಾಸನೆ. ಮಧ್ಯದಲ್ಲಿ ಮಗಳಿಗೆ ಭೇದಿ ಬೇರೆ ಆಯ್ತು, ಡಾಕ್ಟ್ರು ಮೊದಲು ಕೇಳಿದ್ದೇ ನೀರು ಕಾಯಿಸಿ ಕೊಡ್ತೀರಾ ಅಂತ.

ಓನರ್ ಅಂಕಲ್‌ನ ಕೇಳಿದ್ರೆ "ಗಂಗಾ ಸ್ನಾನ ತುಂಗಾ ಪಾನ ಅಂತ ಹಿರೀರು ಸುಮ್ನೆ ಹೇಳಿದಾರೇನಮ್ಮಾ, ಹುಟ್ಟಿದಾಗಿಂದ ಇದೇ ನೀರು, ನಮಗೆಂತದೂ ಆಗಿಲ್ಲ" ಅಂತಾರೆ. ಪಕ್ಕದ ಮನೆಯವ್ರು ಅಡುಗೆಗೂ ಕ್ಯಾನ್ ನೀರೇ ತರ್ಸೋದು. ಇದರ ಮಧ್ಯೆ ಮೊನ್ನೆ ಒಬ್ಬ ಸೇಲ್ಸ್ ಹುಡುಗ ಬಂದು ಎರಡು ಗ್ಲಾಸ್ ಇಟ್ಟ, ಒಂದ್ರಲ್ಲಿ ನಮ್ಮ ನಲ್ಲಿ ನೀರು ಒಂದ್ರಲ್ಲಿ ಅವನ ಆರ್‌ಓ ನೀರು, ಅದಕ್ಕೆ ಕಡ್ಡಿಗಳಿರೋ ಒಂದು ಮಿಷನ್ ಇಳಿಸಿ ಪ್ಲಗ್ ಹಾಕಿದ, ನಮ್ಮ ನೀರು ನೋಡ್ತಾ ನೋಡ್ತಾ ತುಕ್ಕು ಬಣ್ಣಕ್ಕೆ ತಿರುಗಿ ಮೇಲೆ ಕೆಸರು ತೇಲೋಕೆ ಶುರು ಆಯ್ತು, ಅವನದ್ದು ಹಾಗೇ ಇತ್ತು. ಅತ್ತೆ ಅಲ್ಲೇ ಬಾಯಿಗೆ ಸೆರಗು ಇಟ್ಕೊಂಡ್ರು, ಮಾವ ಅಡ್ವಾನ್ಸ್ ಕೊಡೋಕೇ ಹೊರಟಿದ್ರು, ನಾನೇ ತಡೆದಿದೀನಿ. ಅವನ ಮೀಟರಲ್ಲೇ ನಮ್ಮ ನೀರಿನ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಲವಣದ ಲೆಕ್ಕ, 62 ತೋರಿಸ್ತು. ಅದು ಕಮ್ಮಿ ಅಲ್ವಾ? ಕಮ್ಮಿ ಇದ್ರೂ ಯಾಕೆ ಹಂಗೆ ಕೆಸರಾಯ್ತು? ಗೊತ್ತಿರೋರು ದಯವಿಟ್ಟು ಹೇಳಿ.

ಮಂಡಗದ್ದೆ ಮಾಣಿ:

ಮೇಡಂ, ಆ ಹುಡುಗನ್ನ ಮತ್ತೆ ಮನೆ ಒಳಗೆ ಬಿಡ್ಬೇಡಿ, ಅಷ್ಟೇ. ಬಟ್ಟೇಲಿ ಸೋಸಿ ಕುದಿಸಿ ಆರಿಸಿ ಕುಡೀರಿ, ಮಳೆಗಾಲದಲ್ಲಿ ಮಲೆನಾಡಲ್ಲಿ ಬಗ್ಗಡ ನೀರು ಹೊಸದೇನಲ್ಲ. ನಮ್ಮಜ್ಜಿ ಕಾಲದಲ್ಲಿ ಚಿಲ್ಲದ ಬೀಜ ತೇಯ್ದು ಮಡಕೆ ಒಳಗೆ ಸವರ್ತಿದ್ರು, ಬೆಳಗಾಗೋದ್ರೊಳಗೆ ಮಣ್ಣು ಕೆಳಗೆ ಕೂತಿರ್ತಿತ್ತು.

ಪಿಪೆಟ್ ರಾಯರು:

ನಾನು ನೀರಿನ ಲ್ಯಾಬಲ್ಲೇ ಸರ್ವೀಸ್ ಮುಗಿಸಿ ರಿಟೈರ್ ಆದೋನು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗ್ಬೇಡಿ.

ಮೊದಲು ಆ ಕಡ್ಡಿ ಮಿಷನ್ ವಿಷಯ. ಅದರಲ್ಲಿ ಇರೋದು ಕಬ್ಬಿಣದ ಕಡ್ಡಿ, ಅಲ್ಯೂಮಿನಿಯಂ ಕಡ್ಡಿ. ನೀರಲ್ಲಿ ಒಂಚೂರು ಲವಣ ಇದ್ರೂ ಕರೆಂಟ್ ಹರಿಯುತ್ತೆ, ಕರೆಂಟ್ ಹರಿದ್ರೆ ಕಬ್ಬಿಣದ ಕಡ್ಡಿನೇ ಕರಗಿ ತುಕ್ಕಾಗಿ ನೀರಿಗೆ ಬೀಳುತ್ತೆ. ನಿಮ್ಮತ್ತೆ ನೋಡಿದ ಕೆಸರು ಅವನ ಕಡ್ಡೀದು, ತುಂಗೇದಲ್ಲ. ಆರ್‌ಓ ನೀರಲ್ಲಿ ಲವಣನೇ ಇಲ್ಲ, ಕರೆಂಟ್ ಹರಿಯಲ್ಲ, ಅದಕ್ಕೆ ಅದು ಹಾಗೇ ಇರುತ್ತೆ. ಮುಂದಿನ ಸಲ ಬಂದ್ರೆ ಅವನ ಗ್ಲಾಸಿಗೇ ಚಿಟಿಕೆ ಉಪ್ಪು ಹಾಕಿ ಈಗ ಮಾಡಪ್ಪಾ ಅನ್ನಿ, ನಿಮ್ಮ ನೀರಿಗಿಂತ ಜೋರಾಗಿ ಕೆಂಪಾಗುತ್ತೆ. ಇಷ್ಟು ವರ್ಷ ಆದ್ರೂ ಈ ಆಟ ಇನ್ನೂ ನಡೀತಿದೆ ಅಂದ್ರೆ ಜನಾನೂ ಹೆದರ್ಕೊಳ್ಳೋಕೆ ರೆಡಿ ಇದಾರೆ ಅಂತ.

ಇನ್ನು ಟಿಡಿಎಸ್. ಕುಡಿಯೋ ನೀರಿಗೆ ಭಾರತೀಯ ಮಾನಕ ಅಂತ ಇದೆ, ಐಎಸ್ 10500, ಅದರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ರೆ ಸಾಕು, ಬೇರೆ ನೀರೇ ಸಿಗದ ಕಡೆ 2000 ವರೆಗೂ ಸರಿ ಅಂತಾರೆ. ನಿಮ್ಮದು 62. ಇದನ್ನ ಆರ್‌ಓಗೆ ಹಾಕಿದ್ರೆ ಇರೋ ನಾಲ್ಕು ಕಾಳು ಖನಿಜಾನೂ ಹೋಗುತ್ತೆ, ಜೊತೆಗೆ ಒಂದು ಕೊಡ ಕುಡಿಯೋಕೆ ಎರಡು ಮೂರು ಕೊಡ ಸಿಂಕಿಗೆ. 500ಕ್ಕಿಂತ ಕಮ್ಮಿ ಟಿಡಿಎಸ್ ಇರೋ ಕಡೆ ಆರ್‌ಓ ನಿಲ್ಲಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು.

ಆದ್ರೆ 62 ಅಂತ ನೋಡಿ ನೀರು ಶುದ್ಧ ಅಂತ ತಿಳ್ಕೊಂಡ್ರೂ ಅಷ್ಟೇ ಅಪಾಯ. ಆ ಮೀಟರ್ ಅಳೆಯೋದು ಕರಗಿರೋ ಉಪ್ಪು ಸುಣ್ಣ ಮಾತ್ರ, ಬ್ಯಾಕ್ಟೀರಿಯಾ ಅದಕ್ಕೆ ಕಾಣಲ್ಲ. ಒಂದು ಕೊಡಕ್ಕೆ ಒಂದು ಚಮಚ ಚರಂಡಿ ನೀರು ಬೆರೆಸಿ ಮೀಟರ್ ಇಳಿಸಿ ನೋಡಿ, ಆಗ್ಲೂ 62ರ ಆಸುಪಾಸೇ ತೋರ್ಸುತ್ತೆ. ನಿಮ್ಮ ಮಗೂಗೆ ಭೇದಿ ನೀರಿಂದಾನೇ ಆಗಿದ್ರೆ ಕಾರಣ ಟಿಡಿಎಸ್ ಅಲ್ಲ.

ಹಳದಿ ಬಣ್ಣ ಏನು ಅಂದ್ರೆ, ತುಂಗೆ ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ ತೀರ್ಥಹಳ್ಳಿ ದಾಟಿ ಗಾಜನೂರಿಗೆ ಬರೋ ಹೊತ್ತಿಗೆ ಘಟ್ಟದ ಕೆಂಪು ಮಣ್ಣನ್ನೆಲ್ಲ ತೊಳ್ಕೊಂಡು ಬಂದಿರ್ತಾಳೆ. ಅದನ್ನ ಮಂಡ್ಲಿ ವಾಟರ್ ವರ್ಕ್ಸಲ್ಲಿ ಆಲಂ ಹಾಕಿ, ಅಂದ್ರೆ ಪಟಿಕ, ಕೂರಿಸಿ, ಮರಳಿನ ಫಿಲ್ಟರಲ್ಲಿ ಸೋಸಿ ಕ್ಲೋರಿನ್ ಕೊಡಬೇಕು. ಎಷ್ಟು ಆಲಂ ಅನ್ನೋದು ಯಾರೂ ಕಣ್ಣಂದಾಜಲ್ಲಿ ಹಾಕೋ ಹಂಗಿಲ್ಲ, ಲ್ಯಾಬಲ್ಲಿ ಆರು ಬೀಕರ್ ಸಾಲಾಗಿಟ್ಟು ಒಂದೊಂದಕ್ಕೆ ಒಂದೊಂದು ಪ್ರಮಾಣ ಹಾಕಿ ತಿರುಗಿಸಿ ಯಾವುದ್ರಲ್ಲಿ ಗಸಿ ಚೆನ್ನಾಗಿ ಕೂರುತ್ತೆ ನೋಡಿ ಆಮೇಲೆ ಹಾಕೋದು, ಜಾರ್ ಟೆಸ್ಟ್ ಅಂತೀವಿ. ಮಳೆಗಾಲದಲ್ಲಿ ಬೆಳಿಗ್ಗೆ ಇದ್ದ ಹೊಳೆ ಮಧ್ಯಾಹ್ನಕ್ಕೆ ಇರಲ್ಲ, ಮೇಲೆ ಆಗುಂಬೆ ಕಡೆ ಹೊಡೆದ ಮಳೆ ಇಲ್ಲಿಗೆ ಬಂದು ಮುಟ್ಟೋ ಹೊತ್ತಿಗೆ ಲೆಕ್ಕ ಎಲ್ಲಾ ಉಲ್ಟಾ. ಅದ್ರ ಮೇಲೆ ಘಟ್ಟದ ನೀರು ತುಂಬಾ ಮೆದು, ಅಲ್ಕಲಿನಿಟಿ, ಅಂದ್ರೆ ಕ್ಷಾರದ ಅಂಶ, ಕಮ್ಮಿ, ಬರೀ ಆಲಂ ಸುರಿದ್ರೆ ಸರಿಯಾಗಿ ಗಸಿ ಕಟ್ಟಲ್ಲ, ಜೊತೆಗೆ ಸುಣ್ಣಾನೂ ಕೊಡ್ಬೇಕು. ಯಾವುದೇ ಊರಿನ ಪ್ಲಾಂಟಿಗೂ ಇದು ಕಷ್ಟದ ಕಾಲ.

ಬೆಳ್ಳಗೆ ಬರೋ ನೀರನ್ನ ಗಾಜಿನ ಲೋಟಕ್ಕೆ ಹಿಡಿದು ಸುಮ್ನೆ ನೋಡ್ತಾ ನಿಂತ್ಕೊಳ್ಳಿ. ಬಿಳುಪು ತಳದಿಂದ ಮೇಲಕ್ಕೆ ತಿಳಿಯಾಗ್ತಾ ಒಂದೆರಡು ನಿಮಿಷದಲ್ಲಿ ಹೋಯ್ತು ಅಂದ್ರೆ ಅದು ಪೈಪಲ್ಲಿ ಸಿಕ್ಕಿದ ಗಾಳಿ, ಏನೂ ತೊಂದ್ರೆ ಇಲ್ಲ. ಹಂಗಾಗ್ದೆ ಬಿಳಿ ಎಳೆಗಳು ತೇಲ್ತಾ ತೇಲ್ತಾ ಕೆಳಗೆ ಕೂತ್ರೆ ಆಲಂ ಗಸಿ ಫಿಲ್ಟರ್ ದಾಟಿ ಬಂದಿದೆ ಅಂತ ಲೆಕ್ಕ, ಬಾಯಲ್ಲೂ ಒಗರು ಒಗರು ಅನ್ಸುತ್ತೆ, ಅವತ್ತು ಆ ನೀರು ಕುಡಿಯೋದು ಬೇಡ.

ಬ್ಲೀಚಿಂಗ್ ವಾಸನೆಗೆ ಮಾತ್ರ ಬೈಬೇಡಿ. ನಲ್ಲೀಲಿ ಲೀಟರಿಗೆ ಕಡೇಪಕ್ಷ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರ್ಲೇಬೇಕು ಅಂತ ಅದೇ ಮಾನಕದಲ್ಲಿದೆ. ದಾರೀಲಿ ಏನಾದ್ರೂ ಸೇರ್ಕೊಂಡ್ರೆ ಕೊಲ್ಲೋಕೆ ಇರೋ ಕಾವಲು ಅದೊಂದೇ. ನನಗೆ ಭಯ ಆಗೋದು ನೀರು ಬಗ್ಗಡ ಇದ್ದೂ ವಾಸನೆ ಇಲ್ದಿರೋ ದಿನ, ಯಾಕಂದ್ರೆ ಮಣ್ಣು ಕ್ಲೋರಿನ್ನನ್ನ ತಿಂದು ಹಾಕುತ್ತೆ, ರೋಗಾಣುನ ತನ್ನೊಳಗೆ ಬಚ್ಚಿಡುತ್ತೆ.

ನಿಮ್ಮ ಮನೆಗೆ ಒಂದು ಸಾದಾ ಸೆಡಿಮೆಂಟ್ ಫಿಲ್ಟರ್, ಕಾರ್ಬನ್, ಆಮೇಲೆ ಯುವಿ, ಅಂದ್ರೆ ಬೆಳಕಲ್ಲೇ ರೋಗಾಣು ಕೊಲ್ಲೋ ದೀಪ, ಇರೋ ಮಿಷನ್ ಸಾಕು, ಅರ್ಧ ರೇಟಿಗೆ ಸಿಗುತ್ತೆ. ಬಗ್ಗಡ ನೀರಲ್ಲಿ ಯುವಿ ಬೆಳಕು ಒಳಗೆ ಹೋಗಲ್ಲ, ಅದಕ್ಕೇ ಯುವಿಗಿಂತ ಮುಂಚೆ ಇರೋ ಸೆಡಿಮೆಂಟ್ ಫಿಲ್ಟರ್ ಮಳೆಗಾಲದಲ್ಲಿ ಜಾಸ್ತಿ ಸಲ ಬದಲಾಯಿಸ್ಬೇಕು. ಪಾಪುಗೆ ಅದೂ ಸಾಲದು, ಸೋಸಿ, ಗುಳುಗುಳು ಅಂತ ಕುದಿ ಬಂದ್ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಮುಚ್ಚಿಟ್ಟು ಕೊಡಿ. ಕುದ್ದ ನೀರಿಗೆ ಕೈ ಅದ್ದಿ ಲೋಟ ತೆಗೆಯೋ ಅಭ್ಯಾಸ ಇದ್ರೆ ಕುದ್ಸಿದ್ದೆಲ್ಲ ದಂಡ.

ವಿನೋಬನಗರದ ಸೊಸೆ:

ರಾಯರೇ ತುಂಬಾ ಥ್ಯಾಂಕ್ಸ್. ಮಾವಂಗೆ ಪೂರ್ತಿ ಓದಿ ಹೇಳ್ದೆ, ಕಡ್ಡಿ ಕಥೆ ಕೇಳಿ ಅವ್ರಿಗೆ ಅವಮಾನ ಆದಂಗಾಗಿದೆ ಹಹ. ಲೋಟದ ಟೆಸ್ಟ್ ಮಾಡ್ದೆ, ನಮ್ಮದು ತಳದಿಂದ ತಿಳಿಯಾಯ್ತು, ಗಾಳಿನೇ. ಆದ್ರೆ ಒಂದು ವಿಚಿತ್ರ ಗಮನಿಸ್ದೆ, ಬೆಳಿಗ್ಗೆ ನೀರು ಬಿಟ್ಟಾಗ ಗೇಟ್ ಹತ್ರದ ನಲ್ಲೀಲಿ ಹಿಡಿದ್ರೆ ಬ್ಲೀಚಿಂಗ್ ವಾಸನೆ ಇರುತ್ತೆ, ಅದೇ ನೀರು ಸಂಪಿಗೆ ಬಿದ್ದು ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ಹೋಗಿ ಅಡುಗೆ ಮನೆಗೆ ಬಂದಾಗ ವಾಸನೆನೇ ಇರಲ್ಲ. ನಾವು ಕುಡಿಯೋದು ಅದನ್ನೇ.

ಧಾರವಾಡದಾಂವ:

ಅಕ್ಕಾರ, ನಿಮ್ಮ ಪ್ರಶ್ನೆದಾಗನ ಉತ್ತರ ಐತಿ ನೋಡ್ರಿ. ನೀರ ಕೆಡೂದು ಹೊಳ್ಯಾಗ ಕಮ್ಮಿ, ದಾರ್ಯಾಗ ಮತ್ತ ಮನ್ಯಾಗ ಜಾಸ್ತಿ. ನಿಮ್ಮಲ್ಲೆ ದಿನಾ ಬರ್ತಾವಂದ್ರ ನೀವು ಪುಣ್ಯವಂತ್ರು, ನಮ್ಮ ಹುಬ್ಬಳ್ಳಿ ಧಾರವಾಡದಾಗ ಎಷ್ಟೋ ಓಣಿಗೆ ವಾರಗಟ್ಲೆ ಕಾದ ಮ್ಯಾಲೆ ನೀರ ಬರೂದು, ಬಂದ ದಿನ ಹಬ್ಬನ. ಹಂಗ ಬಿಟ್ಟು ಬಿಟ್ಟು ನೀರ ಕೊಟ್ರ ಏನಾಕ್ಕೈತಿ ಅಂದ್ರ, ನೀರ ನಿಂತ ಮ್ಯಾಲೆ ಪೈಪ ಖಾಲಿ ಬೀಳ್ತೈತಿ, ಒಳಗ ಒತ್ತಡ ಇರೂದಿಲ್ಲ, ಎಲ್ಲೆ ಸಂದಿ ಸೀಳು ಐತೊ ಅಲ್ಲಿಂದ ಸುತ್ತಮುತ್ತಲಿನ ಗಟಾರ ನೀರ ಒಳಗ ಇಳೀತಾವು. ಮತ್ತ ನೀರ ಬಿಟ್ಟಾಗ ಮೊದಲ ಆ ಹೊಲಸನ ನಿಮ್ಮ ನಳಕ್ಕ ಬರೂದು.

ಇದು ನನ್ನ ಮಾತಲ್ರಿ. ನಮ್ಮಲ್ಲೆ 2008ರ ಸುಮಾರಿಗೆ ವಿಶ್ವಬ್ಯಾಂಕ್ ರೊಕ್ಕದಾಗ ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿ ಈ ಊರಾಗ ಕೆಲವು ವಾರ್ಡಿಗೆ 24 ತಾಸು ನೀರ ಕೊಟ್ರು. ಆಮ್ಯಾಲೆ ಅಮೆರಿಕಾದ ಬರ್ಕ್ಲಿ ಯುನಿವರ್ಸಿಟಿಯವ್ರು ಹುಬ್ಬಳ್ಳಿ ಧಾರವಾಡಕ್ಕ ಬಂದು 24 ತಾಸಿನ ವಾರ್ಡು, ಬಿಟ್ಟು ಬಿಟ್ಟು ಬರೂ ವಾರ್ಡು ಎರಡೂ ಕಡೆ ನಳದ ನೀರ ಟೆಸ್ಟ್ ಮಾಡಿ 2013ರಾಗ ಬರದ್ರು. ಇಬ್ಬರಿಗೂ ಪ್ಲಾಂಟಿಂದ ಬರೂ ನೀರ ಒಂದ. ಆದ್ರ ಬಿಟ್ಟು ಬಿಟ್ಟು ಬರೂ ಕಡೆ ನೂರಕ್ಕ ಸುಮಾರು 32 ಸ್ಯಾಂಪಲ್‌ದಾಗ ಇ-ಕೋಲಿ ಸಿಕ್ತು, 24 ತಾಸಿನ ಕಡೆ ನೂರಕ್ಕ ಒಂದೂ ಪೂರ್ತಿ ಸಿಗಲಿಲ್ಲ. ಇ-ಕೋಲಿ ಅಂದ್ರ ಹೇಲಿನಾಗಿನ ಹುಳ, ತೆಗದು ಹೇಳಬೇಕಂದ್ರ.

ಇನ್ನೊಂದು, ಯಾರರ ಡೈರೆಕ್ಟ್ ಲೈನಿಗೆ ಮೋಟರ್ ಹಚ್ಚಿ ನೀರ ಎಳೀತಾರೇನ ನೋಡ್ರಿ ನಿಮ್ಮ ಓಣ್ಯಾಗ. ಅವ್ರು ಎಳದಂಗೆಲ್ಲಾ ಲೈನಿನಾಗ ಒತ್ತಡ ಇನ್ನೂ ಕಮ್ಮಿ ಆಗಿ ಸೀಳಿನ್ಯಾಗಿಂದ ಗಟಾರ ನೀರೂ ಎಳಕೊಂಡು ಬರ್ತಾರ, ಅವ್ರ ಮನಿಗೂ, ನಿಮ್ಮ ಮನಿಗೂ. ನಮ್ಮ ಓಣ್ಯಾಗ ಈ ಮೋಟರ್ ಸಲುವಾಗಿ ಮಾತು ಬಿಟ್ಟವ್ರು ಎರಡು ಮನಿ ಅದಾವ.

ಎಲ್ಬೋ ಟೀ ನಿಪ್ಪಲ್:

ಅಕ್ಕ ನಾನು ಇದೇ ಊರಲ್ಲಿ ಪ್ಲಂಬಿಂಗ್ ಮಾಡೋನು, ಮಳೆಗಾಲ ಬಂತು ಅಂದ್ರೆ ನೀರು ವಾಸನೆ ಅಂತ ಬರೋ ಫೋನೇ ಜಾಸ್ತಿ. ಹೋಗಿ ನೋಡಿದ್ರೆ ಬಹಳಷ್ಟು ಮನೇಲಿ ಪ್ರಾಬ್ಲಮ್ಮು ಮೇನ್ ಲೈನಿಂದಲ್ಲ, ರೋಡಿನ ಲೈನಿಂದ ನಿಮ್ಮ ಗೇಟಿಗೆ ಬರೋ ಆ ಇಪ್ಪತ್ತಡಿ ಪೈಪಿಂದು. ಮನೆ ಕಟ್ಟಿದಾಗ ಹಾಕಿದ ಜಿಐ, ಅಂದ್ರೆ ಕಬ್ಬಿಣದ ಪೈಪ್ ಇರುತ್ತೆ, ಚರಂಡಿ ಒಳಗಿಂದಾನೇ ಅಡ್ಡ ಬಂದಿರುತ್ತೆ, ಮೇಲಿಂದ ನೋಡಿದ್ರೆ ಕಾಣಲ್ಲ, ಚರಂಡಿ ಮೇಲಿನ ಚಪ್ಪಡಿ ಕಲ್ಲು ಎತ್ತಿ ನೋಡಿದ್ರೆ ಪೈಪ್ ಪೂರ್ತಿ ಚರಂಡಿ ನೀರಲ್ಲಿ ಮುಳುಗಿರುತ್ತೆ, ಜಾಯಿಂಟ್ ಹತ್ರ ತುಕ್ಕು ತಿಂದು ಉಗುರಲ್ಲಿ ಕೆರೆದ್ರೆ ತೂತು. ನೀರು ಬರೋವಾಗ ಆ ತೂತಿಂದ ಹೊರಗೆ ಚಿಮ್ಮುತ್ತೆ, ನೀರು ನಿಂತಾಗ ಅದೇ ತೂತಿಂದ ಒಳಗೆ. ಧಾರವಾಡದ ಅಣ್ಣ ಹೇಳಿದ್ದು ಕರೆಕ್ಟ್.

ಇದನ್ನ ನೀವೇ ನೋಡ್ಕೋಬಹುದು, ನೀರು ಬಿಟ್ಟ ಟೈಮಲ್ಲಿ ಮನೆ ಮುಂದಿನ ಚರಂಡಿ ಹತ್ರ ನಿಂತು ನೋಡಿ, ಮಳೆ ಇಲ್ದಿದ್ರೂ ಒಂದು ಜಾಗದಲ್ಲಿ ಮಾತ್ರ ತಿಳಿ ನೀರು ಗುಳ್ಳೆ ಗುಳ್ಳೆ ಏಳ್ತಿದ್ರೆ ಅಲ್ಲೇ ಲೀಕು. ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟೋದು ಎಲ್ಲಾ ಮಾಡ್ಬೇಡಿ, ಪೂರ್ತಿ ತೆಗ್ಸಿ ಜಾಯಿಂಟ್ ಇಲ್ದಿರೋ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಒಂದೇ ಉದ್ದ ಹಾಕ್ಸಿ ಚರಂಡಿ ತಳಕ್ಕಿಂತ ಮೇಲೆ, ಹೊರಗೊಂದು ದೊಡ್ಡ ಪೈಪು ಕವರ್ ಕೊಟ್ಟು. ಅದು ಮನೆಯವ್ರದೇ ಖರ್ಚು, ರೋಡ್ ಅಗೆಯೋಕೆ ಪರ್ಮಿಶನ್ ತಗೋಬೇಕು. 24 ಗಂಟೆ ನೀರಿನ ಸ್ಕೀಮಲ್ಲಿ ಹೊಸ ಪೈಪು ಮೀಟರು ಹಾಕಿರೋ ಏರಿಯಾ ಆದ್ರೆ ಇದು ಆಗ್ಲೇ ಬದಲಾಗಿರ್ಬಹುದು, ಹಳೇ ಪೈಪ್ ಕಟ್ ಮಾಡಿದಾರಾ ಇಲ್ಲ ಎರಡೂ ಸೇರ್ಸಿದಾರಾ ಒಂದ್ಸಲ ನೋಡ್ಕೊಳ್ಳಿ.

ಆಮೇಲೆ ಸಂಪು. ಓನರ್‌ನ ಕೇಳಿ ಯಾವಾಗ ತೊಳ್ಸಿದ್ದು ಅಂತ, ಉತ್ರ ಬರಲ್ಲ ಬರೆದಿಟ್ಕೊಳ್ಳಿ. ಮುಚ್ಚಳ ನೆಲದ ಮಟ್ಟಕ್ಕೇ ಇರುತ್ತೆ, ಅದರ ಮೇಲೇ ಬೈಕ್ ತೊಳೀತಾರೆ, ಆ ನೀರು ಒಳಗೆ. ಹತ್ರದಲ್ಲೇ ಯುಜಿಡಿ, ಅಂದ್ರೆ ಒಳಚರಂಡಿ ಚೇಂಬರ್ ಇರುತ್ತೆ, ಗೋಡೆ ಬಿರುಕು ಬಿಟ್ಟಿದ್ರೆ ಮುಗೀತು ಕಥೆ.

ಪಿಪೆಟ್ ರಾಯರು:

ನಿಪ್ಪಲ್ ತಮ್ಮ ಸರಿಯಾಗಿ ಹೇಳಿದ. ಗೇಟಲ್ಲಿ ಕ್ಲೋರಿನ್ ಇದೆ, ಅಡುಗೆ ಮನೇಲಿ ಇಲ್ಲ ಅಂದ್ರೆ ಮಧ್ಯದಲ್ಲಿ ಅದನ್ನ ಯಾವುದೋ ತಿಂದಿದೆ. ಸಂಪಿನ ಕೆಸರು ಇರ್ಬಹುದು, ಟ್ಯಾಂಕಿನ ಪಾಚಿ ಇರ್ಬಹುದು, ಸುಮ್ನೆ ದಿನಗಟ್ಲೆ ನಿಂತ್ರೂ ಕ್ಲೋರಿನ್ ಹಾರುತ್ತೆ. ಊಹೆ ಬೇಡ, ಟೆಸ್ಟ್ ಮಾಡಿ. ಎಚ್‌ಟುಎಸ್ ಬಾಟಲ್ ಅಂತ ಸಿಗುತ್ತೆ, ಸಣ್ಣ ಬಾಟಲಲ್ಲಿ ಔಷಧಿ ಮೊದಲೇ ಇರುತ್ತೆ, ಗೆರೆವರೆಗೂ ನೀರು ತುಂಬಿ ಮುಚ್ಚಿ ಒಂದೆರಡು ದಿನ ಬೆಚ್ಚಗಿರೋ ಜಾಗದಲ್ಲಿಡೋದು, ಮಳೆಗಾಲದ ಥಂಡಿಗೆ ಫ್ರಿಜ್ಜಿನ ಹಿಂಭಾಗ ವಾಸಿ. ಕಪ್ಪಾದ್ರೆ ಮಲದ ಬ್ಯಾಕ್ಟೀರಿಯಾ ಇದೆ ಅಂತ ಅನುಮಾನ ಪಡಬೇಕು. ಮೂರು ತಗೊಳ್ಳಿ, ಗೇಟಿನ ನಲ್ಲಿಗೊಂದು, ಸಂಪಿಗೊಂದು, ಅಡುಗೆ ಮನೆಗೊಂದು. ನಲ್ಲೀಲಿ ಹಿಡಿಯೋವಾಗ ಎರಡು ಮೂರು ನಿಮಿಷ ನೀರು ಹರಿಯೋಕೆ ಬಿಟ್ಟು ಹಿಡೀರಿ, ಬಾಟಲ್ ಬಾಯಿಗೆ ಬೆರಳು ತಾಗಿಸ್ಬೇಡಿ.

ರಿಪೋರ್ಟೇ ಬೇಕು ಅಂದ್ರೆ ಜಿಲ್ಲಾ ಲ್ಯಾಬಿಗೆ ಕೊಡಿ, ಗ್ರಾಮೀಣ ಕುಡಿಯುವ ನೀರಿನ ಇಲಾಖೆ ಲ್ಯಾಬಲ್ಲಿ ಸಾರ್ವಜನಿಕರೂ ಸ್ವಲ್ಪ ಫೀ ಕಟ್ಟಿ ಟೆಸ್ಟ್ ಮಾಡಿಸ್ಬಹುದು. ಬಾಟಲ್ ಅವರ ಹತ್ರಾನೇ ಇಸ್ಕೊಳ್ಳಿ. ಬಿಸ್ಲೇರಿ ಬಾಟಲ್ ತೊಳ್ದು ಅದರಲ್ಲಿ ತಗೊಂಡು ಹೋದ್ರೆ ಬ್ಯಾಕ್ಟೀರಿಯಾ ಟೆಸ್ಟಿಗೆ ಬರಲ್ಲ, ಅವರ ಬಾಟಲಲ್ಲಿ ಕ್ಲೋರಿನ್ ಮುರಿಯೋ ಥಯೋಸಲ್ಫೇಟ್ ಹಾಕಿರ್ತಾರೆ. 100 ಮಿಲಿಲೀಟರಲ್ಲಿ ಇ-ಕೋಲಿ ಒಂದೂ ಇರಬಾರದು, ಅದೇ ಮಾನಕ, ಅದರಲ್ಲಿ ಪರವಾಗಿಲ್ಲ ಅನ್ನೋ ಮಾತೇ ಇಲ್ಲ.

ಕೋಟೆ ರಸ್ತೆ ಕಾಮತ್:

ನಾವು ಅರವತ್ತು ವರ್ಷದಿಂದ ಇದೇ ನೀರು ಕುಡ್ಕೊಂಡು ಗಟ್ಟಿಮುಟ್ಟಾಗಿದೀವಿ. ಈಗಿನವ್ರಿಗೆ ಎಲ್ಲದಕ್ಕೂ ಟೆಸ್ಟು, ಎಲ್ಲದಕ್ಕೂ ಮಿಷನ್ನು. ಇಮ್ಯೂನಿಟಿ ಬೆಳೆಯೋಕೆ ಬಿಡಿ ಮಕ್ಕಳಿಗೆ. ಹೊರಗಿಂದ ಬಂದೋರು ತುಂಗೆಗೆ ಹೆಸರಿಡೋದು ನೋಡಿ ನಗು ಬರುತ್ತೆ.

ದುರ್ಗದ ಹುಡುಗ:

ಕಾಮತ್ ಸರ್, ಬೇಜಾರ್ ಮಾಡ್ಕೋಬೇಡಿ, ಕುಡ್ದು ಉಳ್ಕೊಂಡೋರು ಮಾತ್ರ ಹೀಗೆ ಬರೆಯೋಕಾಗೋದು. ನಮ್ಮ ಚಿತ್ರದುರ್ಗದ ಕವಾಡಿಗರಹಟ್ಟೀಲಿ 2023ರಲ್ಲಿ ನಲ್ಲಿ ನೀರು ಕುಡಿದು ವಾಂತಿ ಭೇದಿ ಆಗಿ ಜನ ಸತ್ರು, ಅದು ಕಾಡಲ್ಲ, ಊರೊಳಗಿನ ಜಾಗ. ಅದಕ್ಕೆ ಹಿಂದಿನ ವರ್ಷ ರಾಯಚೂರಲ್ಲಿ ಹಿಂಗೇ ಆಗಿತ್ತು. ಅವ್ರೂ ಹಿಂದಿನ ದಿನದವರೆಗೂ ಅದೇ ನಲ್ಲಿ ನೀರು ಕುಡ್ಕೊಂಡು ಚೆನ್ನಾಗೇ ಇದ್ರು.

ಇನ್ನೊಂದು ಮಾತು, ಇಲ್ಲಿ ಎಲ್ರೂ ಆರ್‌ಓ ಬೇಡ ಬೇಡ ಅಂತಿರೋದು ಶಿವಮೊಗ್ಗಕ್ಕೆ ಸರಿ, ಇದನ್ನ ಓದಿ ನಮ್ಮ ಕಡೆಯವ್ರು ಬಿಚ್ಚಿಟ್ಟುಬಿಟ್ಟಾರು. ಚಿತ್ರದುರ್ಗ, ಪಾವಗಡ, ಕೋಲಾರ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಮಕ್ಕಳ ಹಲ್ಲಿಗೆ ಕಂದು ಕಲೆ, ಇನ್ನೂ ಜಾಸ್ತಿ ವರ್ಷಗಟ್ಲೆ ಕುಡಿದ್ರೆ ಮೂಳೆ ಕೀಲು ಹಿಡ್ಕೊಳ್ಳುತ್ತೆ. ನಮ್ಮ ದೊಡ್ಡಪ್ಪ ಕತ್ತು ತಿರುಗಿಸ್ಬೇಕಾದ್ರೆ ಪೂರ್ತಿ ಮೈ ತಿರುಗಿಸ್ತಾರೆ. ಅಂಥ ನೀರನ್ನ ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಯುವಿ ಹಾಕಿದ್ರೂ ಹೋಗಲ್ಲ. ಅಲ್ಲಿ ಆರ್‌ಓ ಬೇಕು, ಇಲ್ಲ ಕಾಯಿನ್ ಹಾಕೋ ಶುದ್ಧ ನೀರಿನ ಘಟಕದಿಂದ ತರ್ಬೇಕು. ಸೊಸೆ ಮೇಡಂ, ನಿಮ್ಮ ಓನರ್ರು ಬೇಸಿಗೇಲಿ ಬೋರ್ ನೀರನ್ನೂ ಅದೇ ಸಂಪಿಗೆ ಬಿಡ್ತಾರಾ ಕೇಳಿ ನೋಡಿ, ಬಿಟ್ರೆ ಲೆಕ್ಕ ಬೇರೆ.

ಕೋಟೆ ರಸ್ತೆ ಕಾಮತ್:

ನಾನು ಸಾಯೋರ ಬಗ್ಗೆ ಹಗುರವಾಗಿ ಹೇಳಿಲ್ಲ. ನೀರಿನ ಮೂಲ ಒಳ್ಳೇದು ಅಂದೆ ಅಷ್ಟೇ. ಊರಿನ ಚರಂಡಿ ಎಲ್ಲಾ ತುಂಗೆಗೆ ಬಿಟ್ಟು ಆಮೇಲೆ ಫಿಲ್ಟರ್ ಬಗ್ಗೆ ಚರ್ಚೆ ಮಾಡೋದು ಬಿಟ್ಟು ಮೊದಲು ಅದನ್ನ ನಿಲ್ಸಿ ಅನ್ನೋದು ನನ್ನ ವಾದ. ನಮಗೆ ನೀರೆತ್ತೋದು ಊರಿಗಿಂತ ಮೇಲೆ, ನಾವು ಬಚಾವು. ಕೂಡ್ಲೀಲಿ ಭದ್ರೆ ಸೇರಿದ ಮೇಲೆ ಕೆಳಗಿನ ಊರುಗಳು ಕುಡಿಯೋದು ನಮ್ಮ ಕೊಳಚೇನ.

ಪಿಪೆಟ್ ರಾಯರು:

ಇದನ್ನ ಮಾತ್ರ ನೂರಕ್ಕೆ ನೂರು ಒಪ್ತೀನಿ ಕಾಮತ್ರೇ.

ವಿನೋಬನಗರದ ಸೊಸೆ:

ಒಂದು ಅಪ್‌ಡೇಟ್ ಕೊಡ್ತೀನಿ. ಮೂರು ಬಾಟಲ್ ಇಟ್ಟಿದ್ದೆ. ಗೇಟಿನ ನಲ್ಲಿದು ಬಣ್ಣ ಬದಲಾಗ್ಲಿಲ್ಲ. ಸಂಪಿಂದು ಮಾರನೇ ದಿನಕ್ಕೇ ಇದ್ದಿಲು ಕಪ್ಪು, ಅಡುಗೆ ಮನೇದು ಅದರ ಹಿಂದೆನೇ. ಬಾಟಲ್‌ನ ತಗೊಂಡು ಹೋಗಿ ಓನರ್ ಅಂಕಲ್ ಟೇಬಲ್ ಮೇಲೆ ಇಟ್ಟೆ, ಏನೂ ಮಾತಾಡ್ಲಿಲ್ಲ. ಆಂಟಿ ಮಾತ್ರ ಒಳಗಿಂದ "ನಾನು ಹೇಳ್ತಾನೇ ಇದ್ದೆ ಆ ಮುಚ್ಚಳ ಸರಿ ಮಾಡ್ಸಿ ಅಂತ" ಅಂದ್ರು. ಮಧ್ಯಾಹ್ನ ಮುಚ್ಚಳ ತೆಗೆದು ಟಾರ್ಚ್ ಬಿಟ್ವಿ, ತಳದಲ್ಲಿ ಗೇಣುದ್ದ ಕೆಂಪು ಕೆಸರು, ಒಂದು ಮೂಲೇಲಿ ಗೋಡೆಯಿಂದ ಒಸರ್ತಾ ಇರೋದು ಕಣ್ಣಿಗೇ ಕಾಣುತ್ತೆ, ಆ ಕಡೆಗೇ ಇದೆ ಯುಜಿಡಿ ಚೇಂಬರ್. ಬೋರ್ ಇಲ್ಲ ಮನೇಲಿ, ಬರೀ ತುಂಗೆ ನೀರೇ. ಸದ್ಯಕ್ಕೆ ಕುಡಿಯೋಕೆ ಅಡುಗೆಗೆ ಗೇಟಿನ ನಲ್ಲೀಲೇ ಹಿಡಿದು ಸೋಸಿ ಕುದಿಸ್ತಿದೀನಿ. ನಾಳೆನೇ ಮಾವ ಇಳಿದು ತೊಳೀತೀನಿ ಅಂತಿದಾರೆ. ಎಷ್ಟು ಬ್ಲೀಚಿಂಗ್ ಹಾಕ್ಬೇಕು?

ಎಲ್ಬೋ ಟೀ ನಿಪ್ಪಲ್:

ಅಕ್ಕ ಮಾವನ್ನ ದಯವಿಟ್ಟು ಇಳಿಸ್ಬೇಡಿ!! ಮುಚ್ಚಿರೋ ಸಂಪಲ್ಲಿ ಗಾಳಿ ಇರಲ್ಲ, ಪಕ್ಕದ ಚೇಂಬರಿಂದ ಒಸರ್ತಿದೆ ಅಂತೀರ, ಗ್ಯಾಸ್ ಕಟ್ಟಿರುತ್ತೆ, ಇಳಿದೋರು ಅಲ್ಲೇ ಬಿದ್ದು, ಎತ್ತೋಕೆ ಅಂತ ಇಳಿದೋರೂ ಬಿದ್ದು ಹೋಗಿರೋದು ಪೇಪರಲ್ಲಿ ಓದ್ತಾನೇ ಇರ್ತೀವಿ. ಸಂಪ್ ಕ್ಲೀನಿಂಗ್ ಮಾಡೋರು ಇದಾರೆ, ಮೇಲಿಂದಾನೇ ಪಂಪ್ ಇಳಿಸಿ ಕೆಸರು ಎಳೆದು ಜೆಟ್ಟಲ್ಲಿ ಗೋಡೆ ತೊಳೀತಾರೆ. ಒಸರೋ ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿದ್ರೆ ತಾತ್ಕಾಲಿಕ, ಮೊದಲು ಆ ಚೇಂಬರ್ ಲೀಕ್ ನಿಲ್ಲಿಸ್ಬೇಕು, ಅದು ನಿಲ್ಲಲಿಲ್ಲ ಅಂದ್ರೆ ಸಂಪನ್ನೇ ಬಿಟ್ಟು ನೆಲದ ಮೇಲೆ ಒಂದು ಸಿಂಟೆಕ್ಸ್ ಇಟ್ಟು ಅಲ್ಲಿಂದ ಮೇಲಕ್ಕೆ ಎತ್ತೋದು ವಾಸಿ, ಖರ್ಚೂ ಜಾಸ್ತಿ ಬರಲ್ಲ. ಮೇಲಿನ ಟ್ಯಾಂಕೂ ತೊಳ್ಸಿ, ಸಂಪು ತೊಳ್ದು ಟ್ಯಾಂಕ್ ಬಿಟ್ರೆ ಏನೂ ಉಪಯೋಗ ಇಲ್ಲ.

ಪಿಪೆಟ್ ರಾಯರು:

ತೊಳೆದಾದ ಮೇಲೆ ಹೊಸ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು, ಅದೂ ಹೊಸ ಪ್ಯಾಕೆಟ್ ಆಗಿರ್ಬೇಕು, ಒಡೆದಿಟ್ಟು ತಿಂಗಳಾಗಿದ್ರೆ ಶಕ್ತಿ ಹೋಗಿರುತ್ತೆ. ಪೌಡರ್‌ನ ನೇರ ಸುರೀಬೇಡಿ. ಒಂದು ಪ್ಲಾಸ್ಟಿಕ್ ಮಗ್ಗಲ್ಲಿ ಸ್ವಲ್ಪ ನೀರಲ್ಲಿ ಪೇಸ್ಟ್ ಮಾಡಿ, ಆಮೇಲೆ ಮಗ್ ತುಂಬಾ ನೀರು ಹಾಕಿ ಕಲಕಿ ಹತ್ತು ನಿಮಿಷ ಬಿಡಿ, ಸುಣ್ಣ ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಮಾತ್ರ ಸಂಪಿಗೆ ಬಗ್ಗಿಸಿ. ಒಂದು ಗಂಟೆ ಬಿಟ್ಟು ಬಳಸಿ. ಸ್ಟೀಲ್ ಪಾತ್ರೆ ಬೇಡ, ಮಗೂ ಹತ್ರ ಇರ್ಬಾರದು. ಆದ್ರೆ ಒಸರೋದು ನಿಲ್ಲೋವರೆಗೂ ಎಷ್ಟು ಬ್ಲೀಚಿಂಗ್ ಹಾಕಿದ್ರೂ ಆ ಸಂಪಿನ ನೀರು ಕುಡಿಯೋಕೆ ಬೇಡ. ರಿಪೇರಿ ಮುಗಿದ ಮೇಲೆ ಮತ್ತೊಂದು ಬಾಟಲ್ ಇಟ್ಟು ನೋಡಿ.

ವಿನೋಬನಗರದ ಸೊಸೆ:

ಸರಿ ರಾಯರೇ, ಮಾವನ್ನ ಇಳಿಸಲ್ಲ. ನೆಲದ ಮೇಲಿನ ಟ್ಯಾಂಕ್ ಐಡಿಯಾಗೆ ಅಂಕಲ್ ಒಪ್ಪಿದ್ರು, ಅರ್ಧ ದುಡ್ಡು ನೀವು ಹಾಕಿ ಅಂತಿದಾರೆ, ಬಾಡಿಗೆ ಮನೇಲಿ ನಾವು ಯಾಕೆ ಹಾಕ್ಬೇಕು ಅಂತ ಮಾವ. ಇವತ್ತು ರಾತ್ರಿ ಊಟ ಆದ್ಮೇಲೆ ಎರಡೂ ಮನೆಯವ್ರು ಕೂತು ಮಾತಾಡೋದು ಅಂತ ಆಗಿದೆ. ನಿಪ್ಪಲ್ ಅವ್ರೇ, ಸಾವಿರ ಲೀಟರಿನ ಟ್ಯಾಂಕು, ಪೈಪು, ಲೇಬರ್ ಸೇರಿ ಎಷ್ಟಾಗ್ಬಹುದು ಒಂದು ಅಂದಾಜು ಹೇಳಿದ್ರೆ ಅಷ್ಟರೊಳಗೆ ಅನುಕೂಲ ಆಗುತ್ತೆ.

ಎಲ್ಬೋ ಟೀ ನಿಪ್ಪಲ್:

ಜಾಗ ನೋಡ್ದೆ ರೇಟ್ ಹೇಳಿದ್ರೆ ಸುಳ್ಳಾಗುತ್ತೆ ಅಕ್ಕ, ಇನ್‌ಬಾಕ್ಸಿಗೆ ಗೇಟಿಂದ ಸಂಪಿನವರೆಗಿನ ಫೋಟೋ ಎರಡು ಕಳ್ಸಿ, ಚರಂಡಿ ಕಾಣೋ ಹಂಗೆ. ಸಂಜೆ ಏಳರೊಳಗೆ ಹೇಳ್ತೀನಿ.